ಓದುಗರ ಪ್ರಶ್ನೆ: ಇರಾನ್ ಪದೇಪದೇ ಖಾತರಿ ಕೇಳುವುದೇಕೆ?

ಪ್ರಶ್ನೆ: ಅಮೆರಿಕದ ಜೊತೆ ಮಾತುಕತೆ ಎಂದೊಡನೆ ಇರಾನ್ ‘ಕೊಟ್ಟ ಮಾತಿನಿಂದ ಹಿಂದೆ ಸರಿಯುವುದಿಲ್ಲ ಎಂದು ಖಾತರಿ ಕೊಡಿ’ ಎನ್ನುತ್ತದೆ. 1953ರ ಸಿಟ್ಟು ಇನ್ನೂ ಆರಿಲ್ಲವೇ?

ಆರಿಲ್ಲ. ತೈಲವನ್ನು ರಾಷ್ಟ್ರೀಕರಿಸಿದ ಪ್ರಧಾನಿ ಮೊಸಾದ್ದೆಗ್ ಅವರನ್ನು ಸಿಐಎ ಮತ್ತು ಬ್ರಿಟನ್ನಿನ ಬೇಹುಗಾರರು ಸೇರಿ ಕೆಳಗಿಳಿಸಿದ್ದನ್ನು ಅಲ್ಲಿ ಯಾರೂ ಮರೆತಿಲ್ಲ. ಆದರೆ ಈ ಹಠಕ್ಕೆ ಹತ್ತಿರದ ಕಾರಣ 2015ರ ಪರಮಾಣು ಒಪ್ಪಂದ. ಅದರಂತೆ ಇರಾನ್ ಮಾಡಬೇಕಿದ್ದ ಕೆಲಸಗಳು ಕಣ್ಣಿಗೆ ಕಾಣುವಂಥವು: ಯುರೇನಿಯಂ ಸಂವರ್ಧನೆ (ಪರಮಾಣು ಇಂಧನಕ್ಕೆ ಬೇಕಾದ ಅಂಶವನ್ನು ಹೆಚ್ಚಿಸುವುದು) ಶೇ 3.67 ದಾಟಬಾರದು, ದಾಸ್ತಾನು 300 ಕಿಲೋ ಮೀರಬಾರದು. ಹೆಚ್ಚುವರಿಯನ್ನು ರಷ್ಯಾಕ್ಕೆ ಸಾಗಿಸಿತು, ಅರಾಕ್ ಊರಿನ ಪರಮಾಣು ರಿಯಾಕ್ಟರಿನ ಒಡಲು ತೆಗೆದು ಅದರ ಕೊಳವೆಗಳಿಗೆ ಕಾಂಕ್ರೀಟ್ ಸುರಿಯಿತು. ಅಮೆರಿಕದ ಪಾಲಿನದು ದಿಗ್ಬಂಧನ ತಡೆಹಿಡಿಯುವ ಸಹಿ. ಅದನ್ನು ಕಾಲಕಾಲಕ್ಕೆ ಅಧ್ಯಕ್ಷರು ನವೀಕರಿಸಬೇಕಿತ್ತು, ಇಲ್ಲದಿದ್ದರೆ ದಿಗ್ಬಂಧನ ಮರಳುತ್ತಿತ್ತು. 2018ರ ಮೇ 8ರಂದು ಟ್ರಂಪ್ ಹಿಂದೆ ಸರಿದರು. ಇರಾನ್ ಮಿತಿಯೊಳಗೇ ಇದೆ ಎಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಆಗ ವರದಿ ಕೊಡುತ್ತಿತ್ತು. ಯುರೋಪ್ ಆಗ ಒಪ್ಪಂದವನ್ನು ಬಿಡಲಿಲ್ಲ. ಆದರೂ ಡಾಲರ್ ವಹಿವಾಟು ಕಳೆದುಕೊಳ್ಳುವ ಭಯಕ್ಕೆ ಅದರ ಕಂಪನಿಗಳು ಹೊರಟವು. ದಕ್ಷಿಣ ಪಾರ್ಸ್ ಅನಿಲ ಕ್ಷೇತ್ರದಿಂದ ಫ್ರಾನ್ಸಿನ ತೈಲ ಕಂಪನಿ ಟೋಟಲ್ ಕೂಡ.

ಇದು ಟೆಹರಾನಿನ ಲೆಕ್ಕ. ವಾಷಿಂಗ್ಟನ್ನಿನ ಲೆಕ್ಕ 1979ರಲ್ಲಿ ಶುರುವಾಗುತ್ತದೆ: ಟೆಹರಾನಿನ ಅಮೆರಿಕ ರಾಯಭಾರ ಕಚೇರಿಯ 52 ಮಂದಿ, 444 ದಿನಗಳ ಒತ್ತೆ. ಅರಾಕ್‌ಗೆ ಬದಲಿ ಕೊಳವೆಗಳನ್ನು ಗುಟ್ಟಾಗಿ ಕೊಂಡಿಟ್ಟಿದ್ದೆವು ಎಂದು ಇರಾನಿನ ಅಣುಶಕ್ತಿ ಮುಖ್ಯಸ್ಥ ಸಾಲೇಹಿ 2019ರಲ್ಲಿ ತಾವೇ ಟಿವಿಯಲ್ಲಿ ಹೇಳಿದರು. ಅನುಮಾನ ಒಂದೇ ಕಡೆಯದಲ್ಲ. ಆದರೂ 2025ರ ಜೂನ್ 15ಕ್ಕೆ ಮಸ್ಕತ್‌ನಲ್ಲಿ ಇರಾನ್–ಅಮೆರಿಕ ಮಾತುಕತೆಯ ಆರನೇ ಸುತ್ತು ನಿಗದಿಯಾಗಿದ್ದಾಗ 13ರಂದೇ ಇಸ್ರೇಲ್ ದಾಳಿ ಮಾಡಿತು, 22ರಂದು ಅಮೆರಿಕ ಫೋರ್ದೋ, ನತಾಂಜ್, ಇಸ್ಫಹಾನ್ ಪರಮಾಣು ಘಟಕಗಳ ಮೇಲೆ ಬಾಂಬು ಹಾಕಿತು. ಮಾತುಕತೆ ಬೇಕೆನ್ನುವ ಇರಾನಿಗರ ದನಿ ಅಲ್ಲಿಗೆ ಇನ್ನಷ್ಟು ಕುಗ್ಗಿತು.

ಪ್ರಶ್ನೆ: ಇರಾನ್ ತನ್ನ ಕ್ಷಿಪಣಿಗಳನ್ನಾದರೂ ಕೈಬಿಡಬಹುದಲ್ಲ?

ಅವರ ವಾಯುಪಡೆಯನ್ನು ನೋಡಿ. ದೊರೆ ಶಾ ಕಾಲದಲ್ಲಿ ಅಮೆರಿಕದಿಂದ ಕೊಂಡ ಎಫ್-14 ಯುದ್ಧವಿಮಾನಗಳಿಗೆ 1979ರ ಕ್ರಾಂತಿಯ ನಂತರ ಬಿಡಿಭಾಗ ನಿಂತಿತು. ಇರಾಕ್ ಜೊತೆಗಿನ ಯುದ್ಧದಲ್ಲಿ, 1988ರಲ್ಲಿ, ಇರಾಕಿನ ಸ್ಕಡ್ ಕ್ಷಿಪಣಿಗಳು ಟೆಹರಾನಿನ ಮೇಲೆ ಬಿದ್ದಾಗ ತಿರುಗೇಟಿಗೆ ಹೊರಗಿನಿಂದ ತಂದ ಕೆಲವು ಕ್ಷಿಪಣಿಗಳಷ್ಟೇ ಇದ್ದವು. ಹಾಗಾಗಿ ಕ್ಷಿಪಣಿ ಅವರಿಗೆ ವಿಮಾನದ ಬದಲಿ.

ಪ್ರಶ್ನೆ: ಜನರೂ ಸರ್ಕಾರದ ಹಾಗೇ ಯೋಚಿಸುತ್ತಾರೆಯೇ?

ಎಲ್ಲರೂ ಅಲ್ಲ. 1988ರಲ್ಲಿ ಅಮೆರಿಕದ ಯುದ್ಧನೌಕೆ ಇರಾನಿನ ಪ್ರಯಾಣಿಕ ವಿಮಾನ ಹೊಡೆದು 290 ಜನ ಸತ್ತರು. ಅದಕ್ಕೆ ದುಃಖಿಸುವವರೇ 2020ರಲ್ಲಿ ತಮ್ಮದೇ ಸೇನಾಪಡೆ ರೆವಲ್ಯೂಷನರಿ ಗಾರ್ಡ್ಸ್ ಉಕ್ರೇನಿನ ಪ್ರಯಾಣಿಕ ವಿಮಾನ ಕೆಡವಿ 176 ಜನರನ್ನು ಕೊಂದು, ಮೂರು ದಿನ ಅಲ್ಲಗಳೆದದ್ದಕ್ಕೆ ಬೀದಿಗಿಳಿದರು. ‘ಗಾಜಾಕ್ಕಲ್ಲ, ಲೆಬನಾನಿಗಲ್ಲ, ನನ್ನ ಪ್ರಾಣ ಇರಾನಿಗೆ’ ಎಂದು ಸರ್ಕಾರ ಹೊರಗಿನ ಗುಂಪುಗಳಿಗೆ ಕೊಡುವ ನೆರವನ್ನು ವಿರೋಧಿಸುವ ಘೋಷಣೆ 2009ರಿಂದಲೂ ಕೇಳಿಬರುತ್ತಿದೆ.