ಮಗನಿಗೆ ಐಸ್ ಹಾಕಿಯೇ ಬೇಕಂತೆ: ಕೆನಡಾಕ್ಕೆ ಹೊರಟವರಿಗೆ

ನೀವು ಕೇಳಿದ್ದು ಇಷ್ಟು. ಆಗಸ್ಟ್‌ನಲ್ಲಿ ಉಡುಪಿ ಬಿಟ್ಟು ಒಂಟಾರಿಯೊಗೆ ಹೊರಟಿದ್ದೀರಿ. ಮಗನಿಗೆ ಹತ್ತು ವರ್ಷ, ರೋಲರ್ ಸ್ಕೇಟಿಂಗ್‌ನಲ್ಲಿ ಜಿಲ್ಲಾ ಮಟ್ಟದ ಪದಕ ತಂದವನು. ಈಗ ಐಸ್ ಹಾಕಿ ಆಟಗಾರನೇ ಆಗಬೇಕು ಅಂತ ಹಟ ಹಿಡಿದಿದ್ದಾನೆ. ಅದು ಆಗುವ ಮಾತಾ? ಅದಕ್ಕಾಗಿ ಮನೆ ಯಾವ ಊರಿನಲ್ಲಿ ಮಾಡಬೇಕು? ನಿಮ್ಮಿಬ್ಬರಲ್ಲಿ ಒಬ್ಬರು ಕೆಲಸಕ್ಕೆ ಹೋಗದೆ ಅವನ ಹಿಂದೆಯೇ ನಿಲ್ಲಬೇಕಾ?

ಆಡಲಿ ಮಾರಾಯ್ರೆ, ಧಾರಾಳವಾಗಿ ಆಡಲಿ. ಆದರೆ ಆ ಆಟವನ್ನು ನಂಬಿ ಸಂಸಾರದ ಲೆಕ್ಕ ಹಾಕಬೇಡಿ. ನಾನು ಮಂಗಳೂರಿನಲ್ಲಿ ಫಿಸಿಯೋಥೆರಪಿ ಓದಿ ಒಂಟಾರಿಯೊದಲ್ಲಿ ನೆಲೆ ನಿಂತವಳು. ಹಾಕಿ ಆಡುವವರ ಸೊಂಟ, ಭುಜ, ತೊಡೆಸಂದು ನೋಡುವುದೇ ನನ್ನ ಕೆಲಸ. ಶಾಲೆಯ ಮಕ್ಕಳಿಂದ ಹಿಡಿದು ಸಂಬಳಕ್ಕೆ ಆಡುವವರ ತನಕ ಬರುತ್ತಾರೆ. ಹಾಗಾಗಿ ಟಿವಿಯಲ್ಲಿ ಕಾಣದ ಭಾಗ ನನಗೆ ಸ್ವಲ್ಪ ಜಾಸ್ತಿ ಗೊತ್ತು.

ರೋಲರ್ ಕಲಿತದ್ದು ವ್ಯರ್ಥ ಆಗುವುದಿಲ್ಲ. ಮೊಣಕಾಲು ಬಗ್ಗಿಸಿ ನಿಲ್ಲುವುದು, ಒಂದು ಕಾಲಿನ ಮೇಲೆ ತೂಕ ಹಾಕಿ ಇನ್ನೊಂದರಿಂದ ತಳ್ಳುವುದು ಅವನಿಗೆ ಬರುತ್ತದೆ. ಬಾರದಿರುವುದು ಓಡುತ್ತಾ ಬಂದು ಗಕ್ಕನೆ ನಿಲ್ಲುವುದು. ಐಸ್ ಮೇಲೆ ವೇಗದಲ್ಲಿ ಬಂದವನು ಎರಡೂ ಬ್ಲೇಡನ್ನು ಒಮ್ಮೆಲೇ ಅಡ್ಡ ತಿರುಗಿಸಬೇಕು. ಬ್ಲೇಡ್ ಐಸನ್ನು ಕೆರೆದು ಪುಡಿ ಹಾರಿಸುತ್ತದೆ, ಆಗ ಮೈ ನಿಲ್ಲುತ್ತದೆ. ಚಕ್ರಕ್ಕೆ ಒಗ್ಗಿದ ಕಾಲು ಇದಕ್ಕೆ ಸುಲಭದಲ್ಲಿ ಒಪ್ಪುವುದಿಲ್ಲ. ಮೊದಲು ತುಂಬಾ ಬೀಳುತ್ತಾನೆ, ಬೀಳಲಿ. ನಗರಸಭೆಯವರೇ ನಡೆಸುವ ಸ್ಕೇಟಿಂಗ್ ಕ್ಲಾಸ್ ಇರುತ್ತದೆ, ಅಲ್ಲಿಗೆ ಸೇರಿಸಿ. ಆಮೇಲೆ ಹೌಸ್ ಲೀಗ್, ಅಂದರೆ ಆಯ್ಕೆಯ ತಲೆಬಿಸಿ ಇಲ್ಲದೆ ಎಲ್ಲ ಮಕ್ಕಳೂ ಆಡುವ ತಂಡ. ಸ್ಕೇಟ್ಸ್, ಪ್ಯಾಡ್ ಎಲ್ಲ ಸೆಕೆಂಡ್ ಹ್ಯಾಂಡ್ ಸಿಗುತ್ತವೆ. ಹೆಲ್ಮೆಟ್ ಮಾತ್ರ ಹೊಸದೇ ತೆಗೆಯಿರಿ.

ಅಲ್ಲಿಯ ಮಕ್ಕಳು ನಾಲ್ಕೈದು ವರ್ಷಕ್ಕೇ ಐಸ್‌ಗೆ ಇಳಿದಿರುತ್ತಾರೆ. ಇನ್ನೊಂದು ವಿಷಯ, ನಿಮ್ಮ ಮಗ ಹುಟ್ಟಿದ್ದು ನವೆಂಬರ್‌ನಲ್ಲಿ ಅಂತ ಬರೆದಿದ್ದೀರಿ. ಅಲ್ಲಿ ವಯಸ್ಸಿನ ಗುಂಪು ಮಾಡುವುದು ಹುಟ್ಟಿದ ಇಸವಿ ನೋಡಿ. ಜನವರಿಯಲ್ಲಿ ಹುಟ್ಟಿದ ಹುಡುಗ ಅವನಿಗಿಂತ ಹತ್ತು ತಿಂಗಳು ದೊಡ್ಡವನು, ಈ ವಯಸ್ಸಿನಲ್ಲಿ ಅದು ತುಂಬಾ ಆಯಿತು. ಮೊದಮೊದಲು ಒಳ್ಳೆಯ ತಂಡಕ್ಕೆ ಆಯ್ಕೆ ಆಗದಿದ್ದರೆ ಹುಡುಗನಲ್ಲಿ ಏನೋ ಕಡಿಮೆ ಇದೆ ಅಂತ ಖಂಡಿತ ತಿಳಿಯಬೇಡಿ. ಅವನಿಗೂ ಇದನ್ನು ಬಿಡಿಸಿ ಹೇಳಿ.

ಪೆಟ್ಟಿನ ಹೆದರಿಕೆ ನಿಮಗಿದೆ, ಇರಲೇಬೇಕು. ಎದುರಾಳಿಗೆ ಮೈಯಿಂದ ಗುದ್ದುವ ಬಾಡಿ ಚೆಕ್ಕಿಂಗ್ ಅನ್ನು 2013ರಲ್ಲಿ 13ರ ಒಳಗಿನವರ ಮಟ್ಟದಿಂದ ಕೆನಡಾದಾದ್ಯಂತ ತೆಗೆದುಹಾಕಿದರು. ಅದರ ಮೇಲಿನ ವಯಸ್ಸಿನ ಪೈಪೋಟಿಯ ತಂಡಗಳಲ್ಲಿ ಅದು ಶುರುವಾಗುತ್ತದೆ. ತಲೆಗೆ ಪೆಟ್ಟು ಬಿದ್ದರೆ ವೈದ್ಯರು ಸರಿ ಅನ್ನುವ ತನಕ ಆಡಿಸಬೇಡಿ, ಫೈನಲ್ ಇದ್ದರೂ ಸರಿ.

ನಿಜವಾದ ಕವಲು ಬರುವುದು 16ರಲ್ಲಿ. ಆ ಸುಮಾರಿಗೆ ಒಎಚ್‌ಎಲ್ ಎಂಬ ಜೂನಿಯರ್ ಲೀಗ್‌ನ ತಂಡಗಳು ಹುಡುಗರನ್ನು ಆರಿಸುತ್ತವೆ. ಆರಿಸಿದ ತಂಡದ ಊರು ನಿಮ್ಮ ಮನೆಯಿಂದ ನೂರಾರು ಕಿಲೋಮೀಟರ್ ದೂರ ಇರಬಹುದು. ಹುಡುಗ ಅಲ್ಲಿ ಬಿಲೆಟ್ ಫ್ಯಾಮಿಲಿ ಅನ್ನುವ ಬೇರೆಯವರ ಮನೆಯಲ್ಲಿ ಉಳಿದು, ಅಲ್ಲಿಯ ಶಾಲೆಗೆ ಹೋಗಿ, ಸೀಸನ್‌ಗೆ 68 ಪಂದ್ಯ ಆಡುತ್ತಾನೆ. ದೀಪಾವಳಿ ಕಳೆದು ಹೊರಟ ಯಕ್ಷಗಾನ ಮೇಳ ಮೇ ತಿಂಗಳ ಪತ್ತನಾಜೆಯ ತನಕ ಊರೂರು ಸುತ್ತುತ್ತದಲ್ವಾ, ಹಾಗೆಯೇ ಇದೂ ತಿರುಗಾಟದ ಬದುಕು. ರಾತ್ರಿ ಪಂದ್ಯ, ಆಮೇಲೆ ಬಸ್ಸು, ಬಸ್ಸಿನಲ್ಲೇ ಹೋಂವರ್ಕ್. ಒಳ್ಳೆಯ ಅಂಶವೂ ಇದೆ. ಆಡಿದ ಪ್ರತಿ ಸೀಸನ್‌ಗೆ ಒಂದು ವರ್ಷದ ಕಾಲೇಜು ಓದಿಗೆ ಸ್ಕಾಲರ್‌ಶಿಪ್ ಇದೆ. ಹಿಂದೆ ಈ ಲೀಗ್‌ನಲ್ಲಿ ಆಡಿದವರಿಗೆ ಅಮೆರಿಕದ ಕಾಲೇಜು ಹಾಕಿಯ ಬಾಗಿಲು ಮುಚ್ಚಿತ್ತು. 2025-26ರಿಂದ ಅದೂ ತೆರೆದಿದೆ. ಓದು ಮತ್ತು ಆಟ ಎರಡನ್ನೂ ಹಿಡಿದುಕೊಳ್ಳುವವರಿಗೆ ಇದು ದೊಡ್ಡ ಸಂಗತಿ.

ಅದರ ಮೇಲೆ ಎನ್‌ಎಚ್‌ಎಲ್, ಅಮೆರಿಕ ಮತ್ತು ಕೆನಡಾದ ಅತಿ ದೊಡ್ಡ ವೃತ್ತಿಪರ ಲೀಗ್. 32 ತಂಡ, ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವುದು) ಏಳು ಸುತ್ತು, ವರ್ಷಕ್ಕೆ 224 ಹುಡುಗರು, ಅದೂ ಇಡೀ ಲೋಕದಿಂದ. ಆರಿಸಿದವರೆಲ್ಲ ಅಲ್ಲಿ ಆಡುತ್ತಾರೆ ಅಂತಲೂ ಇಲ್ಲ. ನಮ್ಮವರು ಇಲ್ಲವೇ ಅಂತ ಕೇಳಿದ್ದೀರಿ, ಇದ್ದಾರೆ. ಪಂಜಾಬಿ ಮೂಲದ ತಂದೆಯ ಮಗ ಮ್ಯಾನಿ ಮಲ್ಹೋತ್ರಾರನ್ನು 1998ರಲ್ಲಿ ನ್ಯೂಯಾರ್ಕ್ ರೇಂಜರ್ಸ್ ಏಳನೆಯವರಾಗಿ ಆರಿಸಿತು. 2011ರಲ್ಲಿ ಪಕ್, ಅಂದರೆ ಆಟದ ರಬ್ಬರ್ ಬಿಲ್ಲೆ, ಬಡಿದು ಕಣ್ಣಿಗೆ ಭಾರೀ ಪೆಟ್ಟಾಯಿತು. ಆದರೂ ಅದೇ ವರ್ಷದ ಫೈನಲ್‌ಗೆ ವಾಪಸ್ ಬಂದರು, ಒಟ್ಟು 991 ಪಂದ್ಯ ಆಡಿದರು. ಅರ್ಶ್‌ದೀಪ್ ಬೈನ್ಸ್ ಅವರನ್ನು ಡ್ರಾಫ್ಟ್‌ನಲ್ಲಿ ಯಾರೂ ಕೇಳಲಿಲ್ಲ. ಅವರು 2021-22ರಲ್ಲಿ ಪಶ್ಚಿಮದ ಜೂನಿಯರ್ ಲೀಗ್‌ನಲ್ಲೇ ಅತಿ ಹೆಚ್ಚು ಪಾಯಿಂಟ್ ಗಳಿಸಿ, ವ್ಯಾಂಕೂವರ್ ತಂಡ ಸೇರಿ, 2024ರಲ್ಲಿ ಎನ್‌ಎಚ್‌ಎಲ್‌ಗೆ ಇಳಿದರು. ಮಗನಿಗೆ ಈ ಎರಡನೆಯ ಕಥೆ ಹೇಳಿ.

ನನ್ನ ಹತ್ತಿರ ಬರುವವರು ಹೆಚ್ಚಾಗಿ ಎನ್‌ಎಚ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಎಎಚ್‌ಎಲ್ ಲೀಗ್‌ನವರು. ಇವರಲ್ಲಿ ಅನೇಕರದ್ದು ಎರಡು ದರದ ಒಪ್ಪಂದ. ಮೇಲೆ ಇದ್ದ ದಿನಕ್ಕೆ ಒಂದು ಸಂಬಳ, ಕೆಳಗೆ ಇದ್ದ ದಿನಕ್ಕೆ ಅದಕ್ಕಿಂತ ಎಷ್ಟೋ ಕಡಿಮೆ. 2025-26ರಲ್ಲಿ ಎನ್‌ಎಚ್‌ಎಲ್‌ನ ಕನಿಷ್ಠ ಸಂಬಳ 7,75,000 ಡಾಲರ್. ಪೇಪರ್‌ನಲ್ಲಿ ಬರುವುದು ಈ ಅಂಕಿ. ಚಿಕಿತ್ಸೆಯ ಟೇಬಲ್ ಮೇಲೆ ಮಲಗಿದ್ದಾಗಲೇ ಮೇಲಿನ ತಂಡದಿಂದ ಫೋನ್ ಬಂದು, ಸಂಜೆಯ ವಿಮಾನಕ್ಕೆ ಓಡಿದವರನ್ನು ನೋಡಿದ್ದೇನೆ. ಒಬ್ಬ ಗೋಲ್‌ಕೀಪರ್ ಇದ್ದಾನೆ, ಮೂವತ್ತು ದಾಟಿದವನು. ಮೊಣಕಾಲನ್ನು ಒಳಗೆ ಮಡಚಿ ಐಸ್ ಮೇಲೆ ಬೀಳುವ ಬಟರ್‌ಫ್ಲೈ ಭಂಗಿ ಮಾಡಿ ಮಾಡಿ ಸೊಂಟದ ಕೀಲು ಸವೆದಿದೆ. ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಮಗಳ ಜೊತೆ ಕೂರಲು ಆಗುವುದಿಲ್ಲ. ಬೆಳಿಗ್ಗೆ ಶೂ ಲೇಸ್ ಕಟ್ಟಲು ಕಾಲನ್ನು ಕುರ್ಚಿಯ ಮೇಲೆ ಇಡಬೇಕು. ಅವನಿಗೆ ಆಟದ ಮೇಲೆ ಈಗಲೂ ಪ್ರೀತಿ ಇದೆ. ಅವನ ಚಿಂತೆ ಮುಂದಿನ ಮೂವತ್ತು ವರ್ಷ ಏನು ಮಾಡುವುದು ಅಂತ.

ಆದ್ದರಿಂದ ಮನೆಯನ್ನು ಕೆಲಸಕ್ಕೆ ಹತ್ತಿರ ಮಾಡಿ, ಹತ್ತಿರದಲ್ಲಿ ಒಂದು ನಗರಸಭೆಯ ಐಸ್ ಅರೀನಾ ಇದ್ದರೆ ಸಾಕು. ಇಬ್ಬರೂ ದುಡಿಯಿರಿ. ಮೊದಲ ವರ್ಷ ಬಾಡಿಗೆ, ಕಾರ್ ಇನ್ಶೂರೆನ್ಸ್ ಅಂತ ಕೈ ಖಾಲಿ ಆಗುತ್ತಲೇ ಇರುತ್ತದೆ. ಆಯ್ಕೆಯ ತಂಡಗಳಿಗೆ ವರ್ಷಕ್ಕೆ ಸಾವಿರಾರು ಡಾಲರ್ ಬೇಕು, ಈಗ ಅದರ ಸುದ್ದಿಯೇ ಬೇಡ. ಇಬ್ಬರೂ ಡ್ರೈವಿಂಗ್ ಲೈಸೆನ್ಸ್ ಮಾಡಿಕೊಳ್ಳಿ. ಅಭ್ಯಾಸಕ್ಕೆ ಐಸ್ ಸಿಗುವುದು ಕೆಲವೊಮ್ಮೆ ಬೆಳಿಗ್ಗೆ ಆರಕ್ಕೆ, ಹೊರಗೆ ಹಿಮ ಇರುತ್ತದೆ. ಅಲ್ಲಿ ಒಬ್ಬರೇ ಆಗಿಬಿಡುತ್ತೇವೆ ಅನ್ನುವ ಭಯ ಬರೆದಿದ್ದೀರಿ. ಆ ಚಳಿಯ ಗ್ಯಾಲರಿಯಲ್ಲಿ ಪಕ್ಕ ಕೂತು ಕಾಫಿ ಕುಡಿಯುವ ತಂದೆತಾಯಂದಿರೇ ನನಗೆ ಅಲ್ಲಿ ಸಿಕ್ಕ ಮೊದಲ ಸ್ನೇಹಿತರು. ನಿಮ್ಮ ಚಿಕ್ಕ ಮಗಳನ್ನೂ ಐಸ್‌ಗೆ ಇಳಿಸಿ. ಮಹಿಳೆಯರ ವೃತ್ತಿಪರ ಲೀಗ್ ಪಿಡಬ್ಲ್ಯುಎಚ್‌ಎಲ್ 2024ರ ಜನವರಿಯಲ್ಲಿ ಶುರುವಾಗಿದೆ.

ನಾನು ಈ ತಿಂಗಳು ಮಂಗಳೂರಿನಲ್ಲೇ ಇದ್ದೇನೆ. ಭಾನುವಾರ ಉಡುಪಿಗೆ ಬರುವುದಿದೆ. ಬೆಳಿಗ್ಗೆ ಅಜ್ಜರಕಾಡು ಮೈದಾನದ ಹತ್ತಿರ ಮಗನನ್ನು ಕರೆದುಕೊಂಡು ಬನ್ನಿ, ಅವನ ಪಾದ, ಮೊಣಕಾಲು, ಸೊಂಟ ಒಮ್ಮೆ ನೋಡುತ್ತೇನೆ. ಮಕ್ಕಳಿಬ್ಬರ ಲಸಿಕೆ ಕಾರ್ಡೂ ತನ್ನಿ. ಒಂಟಾರಿಯೊ ಶಾಲೆಯವರು ಅದನ್ನು ಕೇಳುತ್ತಾರೆ, ಬಿಟ್ಟು ಹೋದದ್ದು ಇದ್ದರೆ ಹೊರಡುವ ಮುಂಚೆ ಇಲ್ಲೇ ಹಾಕಿಸಬಹುದು.