ಆಣೆ ಇಟ್ಟರೂ ಕಳ್ಳ, ಇಡದಿದ್ದರೂ ಕಳ್ಳ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ಸಂಕಟದ ಸುತ್ತ ಇದ್ದವು. ದೇವರನ್ನು ನಂಬದವರು ಮನೆಯಲ್ಲಿ, ಊರಲ್ಲಿ, ಶಾಲೆಯಲ್ಲಿ ಪಡುವ ಪಾಡು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಬರೆದವರ ಹೆಸರು, ಊರು ಬೇಕೆಂದೇ ಬಿಟ್ಟಿದ್ದೇನೆ.

ಪ್ರಶ್ನೆ: ನನಗೆ 34 ವರ್ಷ. ಪಿಯುಸಿ ಓದುವಾಗಲೇ ದೇವರ ಮೇಲಿನ ನಂಬಿಕೆ ಹೋಯಿತು. ಆದರೆ ಯಾರ ಪೂಜೆಗೂ ಅಡ್ಡ ಬಂದವನಲ್ಲ. ಹೋದ ತಿಂಗಳು ಅಣ್ಣನ ಮನೆಯ ಗೃಹಪ್ರವೇಶದ ದಿನ ಅತ್ತಿಗೆಯ ಎರಡೆಳೆ ಸರ ಕಾಣೆಯಾಯಿತು. ದೊಡ್ಡಪ್ಪ ಎಲ್ಲರನ್ನೂ ದೇವರ ಮುಂದೆ ಕರೆದು, ಉರಿಯುವ ಕರ್ಪೂರ ಆರಿಸಿ ಆಣೆ ಇಡಿ ಅಂದರು. ನಾನು, "ಸರ ತೆಗೆದಿಲ್ಲ. ನನ್ನ ಬ್ಯಾಗ್ ನೋಡಿ, ಪೊಲೀಸರಿಗೆ ಬೇಕಾದರೂ ಹೇಳಿ. ಆಣೆ ಮಾತ್ರ ಇಡಲ್ಲ" ಅಂದೆ. ಎಲ್ಲರ ಮುಖ ಬದಲಾಯಿತು. ಅಮ್ಮ ಅಳುವುದನ್ನು ನೋಡಲಾಗದೆ ಕೊನೆಗೆ ಕೈ ಚಾಚಿದೆ. ಆಗ ದೊಡ್ಡಪ್ಪ, "ಇವನು ಆಣೆ ಇಟ್ಟು ಏನು ಬಂತು? ಇವನಿಗೆ ದೇವರ ಭಯವೇ ಇಲ್ಲವಲ್ಲ" ಅಂದುಬಿಟ್ಟರು. ಸರ ಇನ್ನೂ ಸಿಕ್ಕಿಲ್ಲ. ಹಬ್ಬಕ್ಕೆ ನನ್ನನ್ನೂ ಹೆಂಡತಿಯನ್ನೂ ಕರೆಯಲಿಲ್ಲ. ನಾನೇನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ಆಣೆ ಇಡದಿದ್ದಾಗ ಅನುಮಾನ ಪಟ್ಟರು. ಇಡಲು ಹೋದಾಗ ನಿನ್ನ ಆಣೆಗೆ ಬೆಲೆಯೇ ಇಲ್ಲ ಅಂದರು. ಹಾಗಾದರೆ ನಾನು ಕದ್ದಿಲ್ಲ ಅಂತ ತೋರಿಸಲು ಆ ಮನೆಯಲ್ಲಿ ನಿಮಗೆ ಯಾವ ದಾರಿ ಉಳಿಯಿತು?

ನೀವು ಮೊದಲು ಆಣೆ ಒಲ್ಲೆ ಅಂದದ್ದರಲ್ಲಿ ತಪ್ಪಿಲ್ಲ. ನಂಬಿಕೆ ಇಲ್ಲದೆ ಕರ್ಪೂರ ಆರಿಸಿದ್ದರೆ ಅದೇ ಒಂದು ಸುಳ್ಳಾಗುತ್ತಿತ್ತು. ಅಮ್ಮನಿಗಾಗಿ ಕೈ ಚಾಚಿದ್ದೂ ನನಗೆ ಅರ್ಥವಾಗುತ್ತದೆ.

ನಮ್ಮಲ್ಲಿ ಭಯಭಕ್ತಿ ಅನ್ನುವ ಮಾತಿದೆ. ಮಕ್ಕಳಿಗೆ ಭಯಭಕ್ತಿ ಇರಬೇಕು, ಸೊಸೆಗೆ ಭಯಭಕ್ತಿ ಇರಬೇಕು ಅಂತೀವಿ. ಭಯ, ಭಕ್ತಿ ಎರಡೂ ಎಷ್ಟು ಅಂಟಿಕೊಂಡಿವೆ ಅಂದರೆ, ಭಕ್ತಿ ಇಲ್ಲ ಅಂದ ತಕ್ಷಣ ಭಯವೂ ಇಲ್ಲ ಅಂತ ಕೇಳಿಸುತ್ತದೆ. ಭಯ ಇಲ್ಲದವನು ಏನು ಬೇಕಾದರೂ ಮಾಡಿಯಾನು ಅಂತ ಮನಸ್ಸು ಮುಂದಕ್ಕೆ ಓಡುತ್ತದೆ. ನಿಮ್ಮ ದೊಡ್ಡಪ್ಪನಿಗೆ ನಿಮ್ಮ ವಾದದ ಮೇಲೆ ಸಿಟ್ಟಿಲ್ಲ. ಅವರಿಗೆ ಅನುಮಾನ ಇರುವುದು ನಿಮ್ಮ ನಡತೆಯ ಮೇಲೆ. ನಾಸ್ತಿಕರಿಗೆ ಈ ಸಮಾಜದಲ್ಲಿ ತಗಲುವ ಪೆಟ್ಟು ಹೆಚ್ಚಾಗಿ ಇದೇ. ದೇವರಿದ್ದಾನೋ ಇಲ್ಲವೋ ಅಂತ ನಮ್ಮ ಜತೆ ಕೂತು ಚರ್ಚೆ ಮಾಡುವವರು ಕಡಿಮೆ. ಬೀಗದ ಕೈ ಕೊಡಲು ಹಿಂದೆ ಮುಂದೆ ನೋಡುವವರು ಜಾಸ್ತಿ.

ಬೀಗದ ಕೈ ಅಂತ ಸುಮ್ನೆ ಬರೆಯಲಿಲ್ಲ. ನಾನು 33 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. 1981ರಲ್ಲಿ ತುಮಕೂರು ಜಿಲ್ಲೆಯ ಒಂದು ಊರಿಗೆ ಕೆಲಸಕ್ಕೆ ಹೋದಾಗ ಬಾಡಿಗೆ ಮನೆ ಹುಡುಕಿದೆ. ಮೊದಲು ನೋಡಿದ ಮನೆಯ ಒಡತಿ ಗೂಡು ತೋರಿಸಿ, "ಇಲ್ಲಿ ದೇವರ ಪಟ ಇಟ್ಟುಕೊಳ್ಳಿ" ಅಂದರು. ನನ್ನ ಹತ್ತಿರ ಪಟ ಇಲ್ಲ, ನಾನು ಪೂಜೆ ಮಾಡಲ್ಲ ಅಂದೆ. ಆಕೆ ಒಳಗೆ ಹೋಗಿ, ನಾನು ಕೊಟ್ಟಿದ್ದ ಅಡ್ವಾನ್ಸ್ ತಂದು ನನ್ನ ಕೈಗೆ ಕೊಡದೆ ಜಗಲಿಯ ಮೇಲೆ ಇಟ್ಟರು. "ಮನೆಗೆ ದೀಪ ಹಚ್ಚೋರು ಬೇಕಮ್ಮ" ಅಂದರು. ಆ ನೋಟುಗಳನ್ನು ಬಗ್ಗಿ ಎತ್ತಿಕೊಂಡದ್ದು ನನಗೆ ಇವತ್ತಿಗೂ ಮರೆತಿಲ್ಲ. ಅದೇ ಬೀದಿಯ ಕೊನೆಯಲ್ಲಿ ಇನ್ನೊಬ್ಬರು ಮನೆ ಕೊಟ್ಟರು. ಅವರೂ ದೊಡ್ಡ ಭಕ್ತರೇ. ಎರಡನೇ ವರ್ಷ ತಿರುಪತಿಗೆ ಹೊರಟಾಗ ಬೀರುವಿನ ಕೀಲಿ ನನ್ನ ಕೈಗೆ ಕೊಟ್ಟು ಹೋದರು. ನಾನು ಅವರಿಗೆ ಏನನ್ನೂ ವಾದಿಸಿ ಒಪ್ಪಿಸಿರಲಿಲ್ಲ. ಎರಡು ವರ್ಷ ಒಂದೇ ನಲ್ಲಿಯಲ್ಲಿ ನೀರು ಹಿಡಿದಿದ್ದೆವು, ಅಷ್ಟೇ.

ಆಣೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಜಮೀನಿನ ಗಡಿ, ಕೊಟ್ಟ ಸಾಲ, ಅಣ್ಣತಮ್ಮಂದಿರ ಪಾಲು ಅಂತ ಎಷ್ಟೋ ಜಗಳ ಧರ್ಮಸ್ಥಳದ ಆಣೆಯವರೆಗೆ ಹೋಗುತ್ತವೆ. ಕೋರ್ಟಿಗೆ ಅಲೆಯಲು ದುಡ್ಡೂ ಶಕ್ತಿಯೂ ಇಲ್ಲದ ಜನಕ್ಕೆ ಅದೇ ನ್ಯಾಯದ ಕಟ್ಟೆ ಆಗಿತ್ತು. ಅದನ್ನು ನಾನು ಹಗುರವಾಗಿ ನೋಡಲಾರೆ. ಆದರೆ ಅದು ನಡೆಯುವುದು ಇಬ್ಬರಿಗೂ ಅದೇ ನಂಬಿಕೆ ಇದ್ದಾಗ ಮಾತ್ರ, ಅಲ್ವಾ?

ನಿಮ್ಮ ಹಾಗೆಯೇ ಎರಡೂ ಕಡೆಯಿಂದ ಸಿಕ್ಕಿಬಿದ್ದ ಒಬ್ಬರ ಕತೆ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಬ್ರಾಡ್ಲಾ ಅಂತ ಒಬ್ಬ ನಾಸ್ತಿಕರಿದ್ದರು. 1880ರಲ್ಲಿ ನಾರ್ಥಾಂಪ್ಟನ್‌ನಿಂದ ಪಾರ್ಲಿಮೆಂಟಿಗೆ ಗೆದ್ದರು. ದೇವರ ಹೆಸರು ಬಿಟ್ಟು ಪ್ರಮಾಣ ಮಾಡುತ್ತೇನೆ ಅಂದರು, ಒಪ್ಪಲಿಲ್ಲ. ಸರಿ, ಎಲ್ಲರ ಹಾಗೆ ದೇವರ ಹೆಸರಿನಲ್ಲೇ ಮಾಡುತ್ತೇನೆ ಅಂದರು. ನಂಬದವನ ಪ್ರಮಾಣ ಪ್ರಮಾಣವೇ ಅಲ್ಲ ಅಂತ ಪಾರ್ಲಿಮೆಂಟಿನವರು ಅಂದರು. ನಿಮ್ಮ ದೊಡ್ಡಪ್ಪನದೇ ಮಾತು! ಮತ್ತೆ ಮತ್ತೆ ಚುನಾವಣೆ ಗೆದ್ದರೂ ಅವರು ಸರಿಯಾಗಿ ಕುರ್ಚಿಯಲ್ಲಿ ಕೂರಲು 1886 ಆಯಿತು. ಎರಡು ವರ್ಷದ ನಂತರ ಅವರ ಹೋರಾಟದಿಂದಲೇ ಅಲ್ಲಿನ ಕಾನೂನು ಬದಲಾಯಿತು. ಇದೇ ಬ್ರಾಡ್ಲಾ 1889ರಲ್ಲಿ ಮುಂಬೈ ಕಾಂಗ್ರೆಸ್ ಅಧಿವೇಶನಕ್ಕೆ ಬಂದಿದ್ದರು. 1891ರ ಜನವರಿಯಲ್ಲಿ ಅವರು ತೀರಿಕೊಂಡಾಗ ಅಂತ್ಯಕ್ರಿಯೆಗೆ ಹೋದವರಲ್ಲಿ ಲಂಡನ್ನಿನಲ್ಲಿ ಓದುತ್ತಿದ್ದ ಗಾಂಧಿಯೂ ಇದ್ದರು.

ನಮ್ಮ ದೇಶದಲ್ಲೂ 1873ರ ಪ್ರಮಾಣಗಳ ಕಾನೂನಿನಲ್ಲಿ ಒಂದು ವಿಚಿತ್ರ ಅವಕಾಶ ಇತ್ತು. ಎದುರಾಳಿ ಇಂಥ ರೀತಿಯಲ್ಲಿ ವಿಶೇಷ ಆಣೆ ಇಟ್ಟು ಹೇಳಿದರೆ ಅವನ ಮಾತಿಗೆ ಬದ್ಧ ಅಂತ ಕೋರ್ಟಿನಲ್ಲೇ ಪಂಥ ಕಟ್ಟಬಹುದಿತ್ತು. 1969ರ ಹೊಸ ಕಾನೂನು ಅದನ್ನು ಕೈಬಿಟ್ಟಿತು. ಈಗ ಸಾಕ್ಷಿ ಕಟ್ಟೆಯಲ್ಲಿ ನಿಂತವರು ದೇವರ ಹೆಸರಿನಲ್ಲೂ ಹೇಳಬಹುದು, ದೇವರ ಹೆಸರು ಎತ್ತದೆ ಸತ್ಯನಿಷ್ಠೆಯಿಂದಲೂ ಹೇಳಬಹುದು. ಎರಡಕ್ಕೂ ತೂಕ ಒಂದೇ. ಸುಳ್ಳು ಹೇಳಿದರೆ ಶಿಕ್ಷೆಯೂ ಒಂದೇ. ಮಂತ್ರಿಗಳು, ಶಾಸಕರು, ನ್ಯಾಯಾಧೀಶರಿಗೂ ಸಂವಿಧಾನ ಇದೇ ಎರಡು ದಾರಿ ಕೊಟ್ಟಿದೆ. ಒಬ್ಬ ನ್ಯಾಯಾಧೀಶನಿಗೆ ಸಾಕಾದದ್ದು ಅಣ್ಣನ ಮನೆಯ ನಡುಮನೆಗೆ ಸಾಲದೇ?

ನೀವು ಮಾಡಬೇಕಾದದ್ದು ಇಷ್ಟು. ಅಣ್ಣನ ಜತೆ ನೀವೇ ಠಾಣೆಗೆ ಹೋಗಿ ಸರ ಕಳೆದದ್ದರ ದೂರು ಕೊಡಿಸಿ. ಅನುಮಾನವನ್ನು ನಿಮ್ಮ ತಲೆಯಿಂದ ಇಳಿಸಲು ಅಡುಗೆಯವರ ಮೇಲೋ ಪೆಂಡಾಲ್ ಹುಡುಗರ ಮೇಲೋ ಬೆರಳು ತೋರಿಸಬೇಡಿ. ನಿಮಗೆ ಆದದ್ದೇ ಅವರಿಗೂ ಆಗುತ್ತದೆ. ಇನ್ನು ಮುಂದೆ ಯಾರೇ ಅತ್ತರೂ ಕರ್ಪೂರಕ್ಕೆ ಕೈ ಚಾಚಬೇಡಿ. ದೊಡ್ಡಪ್ಪನ ಹತ್ತಿರ ಒಬ್ಬರೇ ಹೋಗಿ ಕೂತು ಕೇಳಿ: "ನನ್ನನ್ನು 34 ವರ್ಷದಿಂದ ನೋಡಿದ್ದೀರಿ. ಒಂದು ದಿನವಾದರೂ ನಿಮ್ಮ ಜೇಬಿಗೆ ಕೈ ಹಾಕಿದ್ದೇನಾ?" ಉತ್ತರ ತಕ್ಷಣ ಬರದೇ ಇರಬಹುದು. ಆದರೂ ಕೇಳಿ. ಅತ್ತಿಗೆಯ ಜತೆ ನಿಮ್ಮ ಹೆಂಡತಿ ಮಾತು ಬಿಡದಿರಲಿ. ಸರ ಕಳಕೊಂಡ ಸಂಕಟ ಆಕೆಯದು, ಅದೂ ನಿಜವೇ.

ಪ್ರಶ್ನೆ: ನನಗೆ 61. ಯಜಮಾನರು ಹೋಗಿ ಎಂಟು ತಿಂಗಳಾಯಿತು. ಒಬ್ಬನೇ ಮಗ. ಹನ್ನೊಂದನೇ ದಿನದ ಕಾರ್ಯ ಹೇಗೋ ಮಾಡಿದ. ವರ್ಷಾಬ್ದಿಕ ಮಾಡಲ್ಲ, ನನಗೆ ನಂಬಿಕೆ ಇಲ್ಲ ಅನ್ನುತ್ತಾನೆ. ನೆಂಟರೆಲ್ಲ ನೀನು ಬೆಳೆಸಿದ್ದೇ ಸರಿ ಇಲ್ಲ ಅಂತಾರೆ. ನನ್ನ ಮಗ ಕೆಟ್ಟವನಾ?

ಉತ್ತರ: ಅಮ್ಮಾ, ನಿಮ್ಮ ಮಗ ಕೆಟ್ಟವನಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಮೂರು ವಾರ ರಜೆ ಹಾಕಿ ಪಕ್ಕದಲ್ಲೇ ಮಲಗಿದ್ದ ಅಂತ ನೀವೇ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ನೆಂಟರಿಗೆ ಅದನ್ನೇ ಹೇಳಿ.

ನಾಸ್ತಿಕ ಅಂದರೆ ನಡತೆಗೆಟ್ಟವ ಅನ್ನುವವರಿಗೆ ನಾನು ಎಚ್. ನರಸಿಂಹಯ್ಯನವರ ಹೆಸರು ಹೇಳುತ್ತೇನೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಲ್ಲಿ ಹುಟ್ಟಿದವರು. 1942ರಲ್ಲಿ ಓದು ಬಿಟ್ಟು ಜೈಲಿಗೆ ಹೋದರು. ಅಮೆರಿಕದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಮಾಡಿ ಬಂದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದರು. ಆದರೂ ಬದುಕಿದ್ದು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ, ಖಾದಿ ಪಂಚೆ, ಜುಬ್ಬಾ, ಟೋಪಿಯಲ್ಲಿ. 1976ರಲ್ಲಿ ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿ ಮಾಡಿದಾಗ ಎಷ್ಟೋ ಭಕ್ತರಿಗೆ ಅವರ ಮೇಲೆ ಸಿಟ್ಟು ಬಂತು. ಆದರೆ ಅವರ ಪ್ರಾಮಾಣಿಕತೆಯ ಬಗ್ಗೆ ಬೆರಳು ತೋರಿಸಿದವರನ್ನು ನಾನು ಕಂಡಿಲ್ಲ. ನಾನು ಬೆಂಗಳೂರಿನಲ್ಲಿ ಓದುವಾಗ ಅವರ ಭಾಷಣಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ನಿಂತು ಕೇಳಿದವಳು.

ಇನ್ನೊಂದು ಮಾತು. ಹಿಂದಿನವರು ನಾಸ್ತಿಕ ಅಂತ ಕರೆದದ್ದು ವೇದವನ್ನು ಒಪ್ಪದವರನ್ನು. ಆ ಲೆಕ್ಕಕ್ಕೆ ಜೈನರೂ ಬೌದ್ಧರೂ ಸೇರುತ್ತಿದ್ದರು. ಜಗತ್ತನ್ನು ಮಾಡಿದ ದೇವರು ಅಂತ ಒಬ್ಬನಿದ್ದಾನೆ ಅಂತ ಜೈನರು ಹೇಳುವುದಿಲ್ಲ. ನಮ್ಮ ಪಂಪ, ರನ್ನ ಜೈನರು. ನಿಮ್ಮ ನೆಂಟರ ಮಾತಿನ ಪ್ರಕಾರ ಅವರ ತಾಯಂದಿರೂ ಸರಿಯಾಗಿ ಬೆಳೆಸಲಿಲ್ಲವೇ?

ಈಗ ಮಗನಿಗೆ ನಾಲ್ಕು ಮಾತು. ತಮ್ಮಾ, ನೀನು ಪಿಂಡ ಇಡಬೇಕಿಲ್ಲ. ಆದರೆ ಆ ದಿನ ಅಮ್ಮನನ್ನು ಒಂಟಿ ಬಿಡಬೇಡ. ಶಾಸ್ತ್ರವನ್ನು ಚಿಕ್ಕಪ್ಪನ ಮಗ ಮಾಡಲಿ, ಅಥವಾ ಅಮ್ಮ ಹೇಳಿದವರು ಮಾಡಲಿ. ನೀನು ಬೆಳಗ್ಗೆ ಎದ್ದು ಮಾರುಕಟ್ಟೆಗೆ ಹೋಗಿ ಬಾಳೆ ಎಲೆ ತಾ. ಅಪ್ಪನಿಗೆ ಇಷ್ಟವಾದ ಪಲ್ಯ ನೀನೇ ಮಾಡು. ಬಂದವರಿಗೆ ನೀನೇ ಬಡಿಸು. ನನ್ನ ಅಮ್ಮನಿಗೆ ಕೊನೆಯ ಆರು ವರ್ಷ ಕೀಲುನೋವು. ಬೆರಳು ಮಡಚಲು ಆಗುತ್ತಿರಲಿಲ್ಲ. ಪ್ರತಿ ಶುಕ್ರವಾರ ಬಾಳೆನಾರು ನೆನೆಸಿ ಅವಳ ಪೂಜೆಗೆ ಕನಕಾಂಬರ ಕಟ್ಟಿಕೊಡುತ್ತಿದ್ದವಳು ನಾನೇ. ಗಂಟು ಸಡಿಲವಾದರೆ ಬಿಚ್ಚಿ ಮತ್ತೆ ಕಟ್ಟು ಅನ್ನುತ್ತಿದ್ದಳು. ದೇವರ ಕೋಣೆಗೆ ಬಾ ಅಂತ ಒಂದು ದಿನವೂ ಕರೆಯಲಿಲ್ಲ. ಹೊಸ್ತಿಲಲ್ಲಿ ಕೈ ಚಾಚಿ ಹೂ ಇಸಿದುಕೊಳ್ಳುತ್ತಿದ್ದಳು.

ಪ್ರಶ್ನೆ: ಮಗಳು ಅನುದಾನಿತ ಶಾಲೆಯಲ್ಲಿ 8ನೇ ತರಗತಿ. ಬೆಳಗಿನ ಪ್ರಾರ್ಥನೆಯಲ್ಲಿ ಕೈ ಮುಗಿಯಲಿಲ್ಲ ಅಂತ ಹೊರಗೆ ನಿಲ್ಲಿಸಿದರು. ನನ್ನನ್ನು ಕರೆಸಿ, ಮನೆಯಲ್ಲಿ ಸಂಸ್ಕಾರ ಕಲಿಸಿ ಅಂದರು. ಏನು ಹೇಳಬೇಕು?

ಉತ್ತರ: ಸಂವಿಧಾನದ 28ನೇ ವಿಧಿಯ ಮೂರನೇ ಭಾಗವನ್ನು ಕನ್ನಡದಲ್ಲೇ ಬರೆದುಕೊಂಡು ಹೋಗಿ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಮಗುವನ್ನು ಧಾರ್ಮಿಕ ಪೂಜೆಯಲ್ಲಿ ಭಾಗವಹಿಸು ಅಂತ ಒತ್ತಾಯ ಮಾಡಬೇಕಾದರೆ ಪೋಷಕರ ಒಪ್ಪಿಗೆ ಬೇಕು. ನಿಮ್ಮ ಒಪ್ಪಿಗೆ ಇಲ್ಲ ಅಂತ ಒಂದು ಪತ್ರ ಕೊಟ್ಟು, ಸ್ವೀಕೃತಿ ಹಾಕಿಸಿಕೊಳ್ಳಿ. ನಾಸಿಕ್‌ನಲ್ಲಿ ಒಬ್ಬ ಮೇಷ್ಟ್ರು ಪ್ರಾರ್ಥನೆಯಲ್ಲಿ ಕೈ ಕಟ್ಟಿ ನಿಲ್ಲಲಿಲ್ಲ ಅಂತ ಶಾಲೆ ಅವರ ಸಂಬಳದ ಬಡ್ತಿಯನ್ನೇ ತಡೆದಿತ್ತು. ಅವರು ಬಾಂಬೆ ಹೈಕೋರ್ಟಿಗೆ ಹೋದರು. ಹಾಗೆ ಬಲವಂತ ಮಾಡುವಂತಿಲ್ಲ ಅಂತ ಕೋರ್ಟು ಹೇಳಿತು.

ಕಾನೂನು ನಿಮ್ಮ ಕಡೆ ಇದೆ. ಆದರೆ ನನಗೆ ಯೋಚನೆ ಮಗುವಿನದು. ಹದಿಮೂರು ವರ್ಷಕ್ಕೆ ಒಬ್ಬಳೇ ಹೊರಗೆ ನಿಲ್ಲುವುದು ಸಣ್ಣ ವಿಷಯ ಅಲ್ಲ. ನಾನೂ ಪ್ರಾರ್ಥನೆಯ ಸಾಲಿನಲ್ಲಿ ಮೇಷ್ಟರ ಕಡೆ ನಿಂತವಳು. ಯಾರ ತುಟಿ ಅಲ್ಲಾಡುತ್ತಿಲ್ಲ ಅಂತ ಮಕ್ಕಳು ಬೇಗ ಗುರುತಿಸುತ್ತಾರೆ. ಆಮೇಲೆ ಊಟದ ಬಿಡುವಿನಲ್ಲಿ ಪ್ರಶ್ನೆ ಶುರು: ನಿಂಗೆ ದೇವರು ಕಣ್ಣು ಕೀಳಲ್ವಾ? ನಿಮ್ಮಮ್ಮ ಬೈಯಲ್ವಾ? ಸಾಲಿನಲ್ಲೇ ಸುಮ್ಮನೆ ನೇರ ನಿಲ್ಲುತ್ತೇನೆ, ಯಾರನ್ನೂ ಗೇಲಿ ಮಾಡಲ್ಲ ಅಂತ ಅವಳು ಟೀಚರಿಗೆ ಹೇಳಲಿ. ಇದು ಅವಳ ಮನಸ್ಸಿನದ್ದಾ, ನಿಮ್ಮನ್ನು ಮೆಚ್ಚಿಸಲು ಮಾಡಿದ್ದಾ ಅಂತಲೂ ಕೇಳಿ ನೋಡಿ. ನಾಳೆ ಕೈ ಮುಗಿಯಬೇಕು ಅನ್ನಿಸಿದರೆ ಮುಗಿಯುವ ಸ್ವಾತಂತ್ರ್ಯವೂ ಅವಳಿಗಿರಲಿ.

ಪ್ರಶ್ನೆ: ನಾವಿಬ್ಬರೂ ದೇವರನ್ನು ನಂಬುವುದಿಲ್ಲ. ಇಬ್ಬರದೂ ಹಿಂದೂ ಮನೆ. ಪುರೋಹಿತರಿಲ್ಲದೆ ಮದುವೆ ಆಗಬಹುದಾ? ಹಾಗೆ ರಿಜಿಸ್ಟರ್ ಆದರೆ ಮನೆ ಆಸ್ತಿಯ ಪಾಲು ಹೋಗುತ್ತದೆ ಅಂತಾರೆ, ನಿಜವಾ?

ಉತ್ತರ: ಆಗಬಹುದು. 1954ರ ವಿಶೇಷ ವಿವಾಹ ಕಾಯ್ದೆ ಇರುವುದೇ ಅದಕ್ಕೆ. 1872ರ ಹಳೆಯ ಕಾನೂನಿನಲ್ಲಿ ನಾವು ಹಿಂದೂ ಅಲ್ಲ, ಕ್ರೈಸ್ತರಲ್ಲ, ಮುಸ್ಲಿಮರಲ್ಲ ಅಂತೆಲ್ಲ ಘೋಷಣೆ ಮಾಡಬೇಕಿತ್ತು. ಈಗ ಅದೇನೂ ಬೇಡ. ಆಸ್ತಿಯ ಮಾತು ಹುಟ್ಟಿದ್ದು ಆ ಕಾಯ್ದೆಯ 19ನೇ ಕಲಮಿನಿಂದ. ಅವಿಭಕ್ತ ಕುಟುಂಬದಿಂದ ಬೇರೆಯಾದ ಹಾಗೆ ಅಂತ ಅದರಲ್ಲಿದೆ. ಆದರೆ ಇಬ್ಬರೂ ಹಿಂದೂಗಳಾದರೆ ಅದು ಅನ್ವಯಿಸುವುದಿಲ್ಲ ಅಂತ 1976ರಲ್ಲೇ ತಿದ್ದುಪಡಿ ಆಯಿತು. ಹೆದರಬೇಡಿ.

ಬರೀ ಸಹಿ ಹಾಕಿ ಬರುವುದು ಬೇಡ, ನಾಲ್ಕು ಜನರ ಮುಂದೆ ಆಗಬೇಕು ಅನ್ನಿಸಿದರೆ ಕುವೆಂಪು ಅವರ ಮಂತ್ರಮಾಂಗಲ್ಯದ ದಾರಿ ಇದೆ. 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿ ಹಾಗೆಯೇ ಮದುವೆ ಆದರು. ಅದರಲ್ಲಿ ಪುರೋಹಿತರಿಲ್ಲ, ಮುಹೂರ್ತ ಇಲ್ಲ, ವರದಕ್ಷಿಣೆ ಇಲ್ಲ. ಕುವೆಂಪು ನಾಸ್ತಿಕರಲ್ಲ, ಆದರೂ ನಿಮ್ಮಂಥವರಿಗೆ ಆ ದಾರಿ ಒಪ್ಪುತ್ತದೆ.

ಒಂದು ಎಚ್ಚರಿಕೆ. ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಟಿಸ್ ಕೊಟ್ಟ ಮೇಲೆ 30 ದಿನ ಅದನ್ನು ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಾರೆ. ನೋಡಿದವರು ಯಾರಾದರೂ ನಿಮ್ಮ ಅಪ್ಪನಿಗೆ ಫೋನ್ ಮಾಡಬಹುದು. ಅದಕ್ಕೆ ಮೊದಲು ನೀವೇ ಮನೆಯಲ್ಲಿ ಹೇಳಿ. ಮೂವರು ಸಾಕ್ಷಿಗಳು ಬೇಕು, ಅವರಲ್ಲಿ ಒಬ್ಬರಾಗಿ ಅಪ್ಪನನ್ನೇ ಕರೆಯಿರಿ. ಕಚೇರಿಗೆ ಬರಲು ಅವರಿಗೆ ಮುಜುಗರ ಅಂದರೆ, ಹೆಚ್ಚಿನ ಶುಲ್ಕ ಕಟ್ಟಿದರೆ ಅಧಿಕಾರಿ ಹತ್ತಿರದ ಜಾಗಕ್ಕೆ ಬರಲು ಕಾಯ್ದೆಯಲ್ಲೇ ಅವಕಾಶ ಇದೆ. ನಿಮ್ಮ ಮನೆಯ ಅಂಗಳವೇ ಆಗಬಹುದು.