ಸಿನಿಮಾ ಕೊಟ್ಟ ಭಯವನ್ನು ಹೊತ್ತು ಬರಬೇಡ, ತಮ್ಮಾ

ಅಟ್ಲಾಂಟಾದಲ್ಲಿ ಕೆಲಸ ಸಿಕ್ಕಿದೆ, ಆಫೀಸಿಗೆ ಹತ್ತಿರದ ಅಪಾರ್ಟ್‌ಮೆಂಟ್ ಕಪ್ಪು ಜನ ಹೆಚ್ಚಿರುವ ಕಡೆ ಇದೆ, ಸಿನಿಮಾದಲ್ಲಿ ಕಂಡ ಗನ್ನು ಡ್ರಗ್ಸು ನೆನೆದು ಅಮ್ಮ ಹೆದರಿದ್ದಾರೆ, ಏನು ಮಾಡಲಿ ಅಕ್ಕಾ ಅಂತ ಕೇಳಿದ್ದೀಯ. 19 ವರ್ಷದ ಹಿಂದೆ ನಾನೂ ಅವೇ ಸಿನಿಮಾ ನೋಡಿಕೊಂಡು ಬಂದವಳು. ಲಿಫ್ಟಿಗೆ ಕಪ್ಪು ಹುಡುಗನೊಬ್ಬ ಹತ್ತಿದರೆ ಕೈ ತಾನಾಗಿ ಬ್ಯಾಗನ್ನು ಬಿಗಿಹಿಡಿಯುತ್ತಿತ್ತು. ಅದು ಅವನ ಕಣ್ಣಿಗೂ ಬೀಳುತ್ತದೆ ಅನ್ನುವುದು ಹೊಳೆಯಲು ನನಗೆ ವರ್ಷ ಹಿಡಿಯಿತು.

ಈ ಭಯ ಹುಟ್ಟಿಸಿದ್ದು ನಿನ್ನೆ ಮೊನ್ನೆಯ ಸಿನಿಮಾ ಅಲ್ಲ. 1915ರ ‘ದ ಬರ್ತ್ ಆಫ್ ಎ ನೇಷನ್’ನಲ್ಲಿ ಬಿಳಿಯ ನಟನೊಬ್ಬ ಮುಖಕ್ಕೆ ಮಸಿ ಬಳಿದುಕೊಂಡು ಬಿಳಿ ಹುಡುಗಿಯನ್ನು ಅಟ್ಟಿಸಿಕೊಂಡು ಹೋಗುತ್ತಾನೆ. ಅವನನ್ನು ಕೊಲ್ಲುವ ಕೂ ಕ್ಲಕ್ಸ್ ಕ್ಲಾನ್, ಅಂದರೆ ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಗುಂಪು, ಅದರಲ್ಲಿ ಹೀರೋ. ಅದೇ ವರ್ಷ ನವೆಂಬರಿನಲ್ಲಿ, ಇಲ್ಲೇ ಪಕ್ಕದ ಸ್ಟೋನ್ ಮೌಂಟನ್ ಮೇಲೆ ಶಿಲುಬೆಗೆ ಬೆಂಕಿ ಹಚ್ಚಿ, ಸತ್ತುಹೋಗಿದ್ದ ಕ್ಲಾನ್‌ಗೆ ಮತ್ತೆ ಜೀವ ಕೊಟ್ಟರು. ಹಳೆಯ ಕ್ಲಾನ್‌ನವರು ಶಿಲುಬೆ ಸುಡುತ್ತಲೇ ಇರಲಿಲ್ಲ, ಆ ಪದ್ಧತಿ ಬಂದದ್ದೇ ಆ ಕಥೆಯಿಂದ. ಭಾನುವಾರ ನಮ್ಮವರು ಚಿತ್ರಾನ್ನ ಕಟ್ಟಿಕೊಂಡು ಹೋಗುವ ಬೆಟ್ಟ ಅದು.

ಆಮೇಲೆ ಮಸಿ ಹೋಯಿತು, ಪಾತ್ರ ಉಳಿಯಿತು. ಕಪ್ಪು ನಟ ಡೆನ್ಜೆಲ್ ವಾಷಿಂಗ್ಟನ್, ಕಪ್ಪು ಜನರ ನಾಯಕ ಮಾಲ್ಕಮ್ ಎಕ್ಸ್‌ನ ಪಾತ್ರ ಮಾಡಿದಾಗ ಆಸ್ಕರ್ ಸಿಗಲಿಲ್ಲ. ಕೆಟ್ಟ ಪೊಲೀಸನಾದಾಗ, 2002ರಲ್ಲಿ, ಶ್ರೇಷ್ಠ ನಟ ಪ್ರಶಸ್ತಿ ಬಂತು. ನನಗೆ ಇವತ್ತಿಗೂ ಅದು ಚುಚ್ಚುತ್ತದೆ.

ನಮ್ಮ ಎದುರುಮನೆಯವರು ಕಪ್ಪು ಜನ, ಆಕೆ ಸ್ಕೂಲ್ ಟೀಚರ್. ಮಗನಿಗೆ 16 ತುಂಬಿ ಲೈಸೆನ್ಸ್ ಬಂದ ದಿನ, ಮನೆ ಮುಂದೆ ನಿಂತಿದ್ದ ಕಾರಿನಲ್ಲೇ ಅವನನ್ನು ಕೂರಿಸಿ ಅಭ್ಯಾಸ ಮಾಡಿಸುತ್ತಿದ್ದರು. ಪೊಲೀಸರು ನಿಲ್ಲಿಸಿದರೆ ಎರಡೂ ಕೈ ಸ್ಟೀರಿಂಗ್ ಮೇಲೆ, ಬೆರಳು ಬಿಡಿಸಿ. ಕಾಗದ ತೆಗೆಯುವ ಮುಂಚೆ, ತೆಗೆಯುತ್ತೇನೆ ಅಂತ ಬಾಯಿಬಿಟ್ಟು ಹೇಳಬೇಕು. ಆಮೇಲೇ ಕೈ ಅಲ್ಲಾಡಿಸಬೇಕು. ಗನ್ ತೆಗೆಯುತ್ತಿದ್ದಾನೆ ಅಂದುಕೊಂಡು ಅವರು ಗುಂಡು ಹಾರಿಸಬಾರದಲ್ಲ. ಹುಡುಗ ನಗುತ್ತಿದ್ದ. ತಾಯಿ, ಮತ್ತೊಂದು ಸಲ ಮಾಡು ಅನ್ನುತ್ತಿದ್ದರು.

ನಾವು ಬೇರೆ ಅಂದುಕೊಳ್ಳಬೇಡ. 2015ರಲ್ಲಿ ಪಕ್ಕದ ರಾಜ್ಯ ಅಲಬಾಮಾದ ಮ್ಯಾಡಿಸನ್‌ನಲ್ಲಿ, ಮೊಮ್ಮಗುವನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದಿದ್ದ 57ರ ತಾತ ಬೆಳಿಗ್ಗೆ ವಾಕಿಂಗ್ ಹೊರಟಿದ್ದರು. ಸಣಕಲು ಕಪ್ಪು ಮನುಷ್ಯನೊಬ್ಬ ಸುತ್ತಾಡುತ್ತಿದ್ದಾನೆ ಅಂತ ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಇಂಗ್ಲಿಷ್ ಬಾರದ ಆ ತಾತನನ್ನು ಪೊಲೀಸ್ ಒಬ್ಬ ನೆಲಕ್ಕೆ ಕೆಡವಿದ. ಕುತ್ತಿಗೆಯ ಮೂಳೆಗೆ ಪೆಟ್ಟಾಗಿ ಕೈಕಾಲಿನ ಸ್ವಾಧೀನ ಭಾಗಶಃ ತಪ್ಪಿತು.

ಅಪಾರ್ಟ್‌ಮೆಂಟನ್ನು ಹಗಲು ಒಂದು ಸಲ, ರಾತ್ರಿ ಒಂದು ಸಲ ಹೋಗಿ ನೋಡು. ಬೀಗ, ದೀಪ, ಪಾರ್ಕಿಂಗ್ ನೋಡು, ಅಲ್ಲಿರುವವರನ್ನೇ ವಿಚಾರಿಸು. ಬಂದ ಮೊದಲ ವಾರ ನಮ್ಮ ಮನೆಯಲ್ಲಿರು. ಅಮ್ಮನ ನಂಬರ್ ಕಳಿಸು, ನಾನೇ ಮಾತಾಡುತ್ತೇನೆ.